ದಂಪತಿಗಳಿಬ್ಬರೇ ಕೂತು ನೋಡಲು ‘ಎರಡು ಕನಸು’

ನಮಸ್ಕಾರ. ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಗಂಡಹೆಂಡತಿ, ಮಕ್ಕಳು ಊರಲ್ಲಿಲ್ಲದ ಸಂಜೆ ಜೊತೆಯಾಗಿ ನೋಡಬಹುದಾದ ಹಳೆಯ, ಪ್ರೌಢ ಪ್ರೇಮಚಿತ್ರ ಯಾವುದೆಂದು ಕೇಳಿದ್ದೀರಿ. ವಾಣಿಯವರ ಕಾದಂಬರಿಯನ್ನು ಆಧರಿಸಿ ದೊರೈ-ಭಗವಾನ್ ನಿರ್ದೇಶಿಸಿದ 1974ರ ‘ಎರಡು ಕನಸು’ ಚಿತ್ರವನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಮನೆಯವರ ಒತ್ತಾಯಕ್ಕೆ ಮದುವೆಯಾದ ರಾಜಕುಮಾರ್ ಹಳೆಯ ಪ್ರೀತಿಯನ್ನು ಮರೆಯಲಾರದೆ ಹೆಂಡತಿಯಿಂದ ದೂರವೇ ಉಳಿದಿರುವಾಗ, ‘ಪೂಜಿಸಲೆಂದೇ ಹೂಗಳ ತಂದೆ’ ಹಾಡಿನಲ್ಲಿ ಆ ಹೆಂಡತಿಯ ಪಾತ್ರ ಮಾಡಿದ ಕಲ್ಪನಾ ಅವರ ಮುಖದಲ್ಲಿ ಕಾಣುವ ಕಾತರವೇ, ನನ್ನ ದೃಷ್ಟಿಯಲ್ಲಿ, ಇಡೀ ಚಿತ್ರದ ಜೀವಾಳ. ಕಳೆದ ಆಷಾಢದಲ್ಲಿ ಚಿಕ್ಕಮಗಳೂರಿನ ನಮ್ಮ ಮನೆಯ ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದಾಗ ನಾವಿಬ್ಬರೂ ಅದನ್ನು ನೋಡಿದೆವು. ಆ ಹಾಡು ಮುಗಿಯುವಷ್ಟರಲ್ಲಿ ಕಾಫಿ ಆರಿಹೋಗಿತ್ತು, ನನ್ನ ಹೆಂಡತಿ ಮಾತ್ರ ಲೋಟವನ್ನು ಹಾಗೆಯೇ ಹಿಡಿದು ಕುಳಿತಿದ್ದಳು. ರಾಜನ್-ನಾಗೇಂದ್ರರ ಸಂಗೀತಕ್ಕಾಗಿಯಾದರೂ ಧ್ವನಿ ಸ್ಪಷ್ಟವಾಗಿರುವ ಪ್ರತಿಯನ್ನೇ ಹುಡುಕಿ ನೋಡಿ.