ಹೈಸ್‌ಮನ್ ಯಾರಿಗೆ? ಯಾರ್ಡ್ ಎಣಿಸುವ ಮೊದಲು ಎದುರಾಳಿ ಯಾರು ನೋಡಿ

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನ ದೊಡ್ಡ ವೈಯಕ್ತಿಕ ಪ್ರಶಸ್ತಿ ಹೈಸ್‌ಮನ್ ಟ್ರೋಫಿ. 1935ರಿಂದ ಕೊಡ್ತಾ ಬಂದಿದ್ದಾರೆ. ಅಲ್ಲಿ ನೆಲೆಸಿರುವ ಓದುಗರು ಈ ಬಗ್ಗೆ ಕೇಳಿದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಸರ್, 2024ರಲ್ಲಿ ಆಷ್ಟನ್ ಜೆಂಟಿ ಎರಡೂವರೆ ಸಾವಿರ ಯಾರ್ಡ್ ಓಡಿದರೂ ಟ್ರೋಫಿ ಟ್ರಾವಿಸ್ ಹಂಟರ್‌ಗೆ ಹೋಯಿತು. ಇದು ಮೋಸ ಅಂತ ನನ್ನ ಮಗ ಇವತ್ತಿಗೂ ಜಗಳ ಆಡ್ತಾನೆ. ಅವನಿಗೆ ಏನು ಹೇಳಲಿ? (ಬಾಯ್ಸಿ, ಐಡಹೊ)

ಊರಿನ ಹೆಸರು ನೋಡಿದ ಕೂಡಲೇ ನಿಮ್ಮ ಮಗನ ಸಿಟ್ಟು ಅರ್ಥವಾಯಿತು. ಮೋಸವಂತೂ ಅಲ್ಲ. ಹಾಗಂತ ಅವನ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ.

ವೋಟ್ ಹಾಕುವ ಹೊತ್ತಿಗೆ ಬಾಯ್ಸಿ ಸ್ಟೇಟ್‌ನ ಜೆಂಟಿ 13 ಪಂದ್ಯಗಳಲ್ಲಿ 2,497 ಯಾರ್ಡ್ ಓಡಿ 29 ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸಿ ಗಳಿಸುವ ಸ್ಕೋರ್) ಹೊಡೆದಿದ್ದ. ಇದಕ್ಕೆ ಬರುವ ಮೊದಲ ಆಕ್ಷೇಪ ಎದುರಾಳಿಗಳದ್ದು. ಬಾಯ್ಸಿ ಆಗ ಆಡುತ್ತಿದ್ದ ಮೌಂಟನ್ ವೆಸ್ಟ್ ಲೀಗ್‌ನಲ್ಲಿ ತಂಡಗಳು ಅಷ್ಟು ಗಟ್ಟಿ ಇರಲಿಲ್ಲ. ರಣಜಿಯ ಪ್ಲೇಟ್ ಗುಂಪಿನಲ್ಲಿ ಹೊಡೆದ ತ್ರಿಶತಕಕ್ಕೂ ಮುಂಬೈ ಎದುರು ಹೊಡೆದ ಶತಕಕ್ಕೂ ನಾವು ಒಂದೇ ಬೆಲೆ ಕೊಡ್ತೀವಾ? ಇಲ್ಲ ಅಲ್ವಾ.

ಹಾಗಾಗಿ ಇಂಥ ಆಟಗಾರನ ಅತಿ ಕಷ್ಟದ ಪಂದ್ಯವನ್ನು ಹುಡುಕಿ ಅದನ್ನೇ ನೋಡಬೇಕು. ಜೆಂಟಿಗೆ ಅದು ಸೆಪ್ಟೆಂಬರ್ 7ರಂದು ಒರೆಗಾನ್ ತಂಡದ ಅಂಗಳದಲ್ಲಿ ನಡೆದ ಪಂದ್ಯ. ಅವತ್ತು ಜೆಂಟಿ 25 ಸಲ ಚೆಂಡು ಹಿಡಿದು ಓಡಿ 192 ಯಾರ್ಡ್ ದಾಟಿದ, ಮೂರು ಟಚ್‌ಡೌನ್ ಹೊಡೆದ. ಬಾಯ್ಸಿ ಸೋತಿದ್ದು 37-34ರಲ್ಲಿ, ಕೊನೇ ಗಳಿಗೆಯಲ್ಲಿ ಕಾಲಿಂದ ಒದ್ದು ಹೊಡೆದ ಫೀಲ್ಡ್ ಗೋಲ್‌ನಿಂದ. ಅದೇ ಒರೆಗಾನ್ ತಂಡ ಆ ವರ್ಷ ಪ್ಲೇಆಫ್ ತನಕ ಯಾರಿಗೂ ಸೋಲಲಿಲ್ಲ. ಅಂದ್ರೆ ಎದುರಾಳಿ ದುರ್ಬಲ ಅನ್ನುವ ಆಕ್ಷೇಪಕ್ಕೆ ಜೆಂಟಿ ಸೀಸನ್‌ನ ಎರಡನೇ ವಾರದಲ್ಲೇ ಉತ್ತರ ಕೊಟ್ಟಿದ್ದ.

ಇನ್ನು ಹಂಟರ್. ಕೊಲರಾಡೊ ತಂಡದಲ್ಲಿ ಅವನು ದಾಳಿಯಲ್ಲಿ ರಿಸೀವರ್ (ಎಸೆದ ಚೆಂಡು ಹಿಡಿಯುವವನು), ಡಿಫೆನ್ಸ್‌ನಲ್ಲಿ ಕಾರ್ನರ್‌ಬ್ಯಾಕ್ (ಎದುರಾಳಿ ರಿಸೀವರ್‌ನನ್ನು ತಡೆಯುವವನು). ಎರಡು ಕಡೆಯೂ ಪೂರ್ತಿ ಹೊತ್ತು ಆಡಿದ. ವೋಟಿನ ಹೊತ್ತಿಗೆ 92 ಕ್ಯಾಚ್, 1,152 ಯಾರ್ಡ್, 14 ಟಚ್‌ಡೌನ್, ಜೊತೆಗೆ 4 ಇಂಟರ್‌ಸೆಪ್ಷನ್, ಅಂದ್ರೆ ಎದುರಾಳಿಯ ಎಸೆತವನ್ನು ನಡುವೆಯೇ ಕಸಿದದ್ದು. ಡಿಫೆನ್ಸ್‌ಗೆ 4 ಅನ್ನುವುದು ದೊಡ್ಡ ಸಂಖ್ಯೆಯಂತೆ ಕಾಣುವುದಿಲ್ಲ. ಆದರೆ ಒಳ್ಳೆಯ ಕಾರ್ನರ್‌ಬ್ಯಾಕ್ ಇರುವ ಕಡೆಗೆ ಎದುರಾಳಿಯ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವುದೇ ಕಡಿಮೆ. ಎಸೆಯದ ಚೆಂಡಿಗೆ ಸ್ಕೋರ್ ಪಟ್ಟಿಯಲ್ಲಿ ಜಾಗ ಇಲ್ಲ.

ಬೇಲರ್ ವಿರುದ್ಧದ ಪಂದ್ಯದ ಕೊನೆಯನ್ನು ಮಗನಿಗೆ ಒಂದು ಸಲ ತೋರಿಸಿ. ಓವರ್‌ಟೈಮ್‌ನಲ್ಲಿ ಕೊಲರಾಡೊ ಏಳು ಪಾಯಿಂಟ್ ಮುಂದಿತ್ತು. ಬೇಲರ್‌ನ ಓಟಗಾರ ಗೋಲ್ ಗೆರೆಯ ಹತ್ತಿರ ಬಂದೇಬಿಟ್ಟಿದ್ದ. ಹಂಟರ್ ನುಗ್ಗಿ ಹೊಡೆದ ಏಟಿಗೆ ಚೆಂಡು ಕೈಜಾರಿತು. ಪಂದ್ಯ ಅಲ್ಲಿಗೇ ಮುಗಿಯಿತು, 38-31. ಅದೇ ದಿನ ದಾಳಿಯಲ್ಲೂ ಪೂರ್ತಿ ಓಡಿದ್ದ ಕಾಲುಗಳು ಅವು.

ವೋಟಿನ ಪಾಯಿಂಟ್‌ಗಳ ಅಂತಿಮ ಲೆಕ್ಕ: ಹಂಟರ್ 2,231, ಜೆಂಟಿ 2,017. ನನಗೆ ವೋಟ್ ಇದ್ದಿದ್ದರೆ ಹಂಟರ್‌ಗೇ ಹಾಕುತ್ತಿದ್ದೆ. ಅವನು ಇಬ್ಬರ ಕೆಲಸ ಮಾಡಿದ, ಎರಡನ್ನೂ ಚೆನ್ನಾಗೇ ಮಾಡಿದ. ಆದರೆ ಎರಡನೇ ಸಾಲಿನಲ್ಲಿ ಜೆಂಟಿ ಹೆಸರು ಬರೆಯುವಾಗ ಕೈ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಅದು ನಿಜ.

ಒಂದೇ ಸೀಸನ್‌ನಲ್ಲಿ ಅತಿ ಹೆಚ್ಚು ಯಾರ್ಡ್ ಓಡಿದ ಬ್ಯಾರಿ ಸ್ಯಾಂಡರ್ಸ್ ದಾಖಲೆಯ ಮಾತನ್ನು ನಿಮ್ಮ ಮಗ ಎತ್ತಿದರೆ ಇನ್ನೊಂದು ವಿಷಯ ಹೇಳಿ. ಜೆಂಟಿ ಕೊನೆಗೆ 14 ಪಂದ್ಯಗಳಲ್ಲಿ 2,601 ಯಾರ್ಡ್‌ಗೆ ನಿಂತ. ಸ್ಯಾಂಡರ್ಸ್ 1988ರಲ್ಲಿ 11 ಪಂದ್ಯಗಳಲ್ಲೇ 2,628 ಓಡಿದ್ದರು. ಆಗ ಬೌಲ್ ಪಂದ್ಯದ (ಸೀಸನ್ ಮುಗಿದ ಮೇಲೆ ಆಡುವ ಪಂದ್ಯ) ಯಾರ್ಡ್ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಿಡಿದಿದ್ದರೆ ಇನ್ನೂ 222 ಸೇರುತ್ತಿತ್ತು.

ಪ್ರಶ್ನೆ: ಕ್ವಾರ್ಟರ್‌ಬ್ಯಾಕ್‌ಗಳನ್ನು ಹೋಲಿಸುವಾಗ ಯಾವ ಅಂಕಿ ನಂಬಬೇಕು? ಟಿವಿಯಲ್ಲಿ ಒಂದೊಂದು ವಾರ ಒಂದೊಂದು ತೋರಿಸ್ತಾರೆ.

ಒಟ್ಟು ಯಾರ್ಡ್ ನೋಡಿ ಮೋಸ ಹೋಗಬೇಡಿ. ಸೋಲುತ್ತಿರುವ ತಂಡ ಕೊನೆಯಲ್ಲಿ ಸುಮ್ಮನೆ ಎಸೆಯುತ್ತಲೇ ಇರುತ್ತದೆ, ಯಾರ್ಡ್ ಗುಡ್ಡೆ ಬೀಳುತ್ತದೆ. ಇನ್ನೊಂದು, ಕ್ವಾರ್ಟರ್‌ಬ್ಯಾಕ್ ಎರಡು ಮಾರು ಪಕ್ಕಕ್ಕೆ ಎಸೆದ ಚೆಂಡನ್ನು ಹಿಡಿದವನು 60 ಯಾರ್ಡ್ ಓಡಿದರೆ ಅಷ್ಟೂ ಎಸೆದವನ ಖಾತೆಗೇ ಜಮಾ.

ಅದಕ್ಕಿಂತ ಪಾಸಿಂಗ್ ರೇಟಿಂಗ್ ವಾಸಿ. ಕಾಲೇಜ್ ಲೆಕ್ಕ ಹೀಗೆ: ಯಾರ್ಡನ್ನು 8.4ರಿಂದ ಗುಣಿಸಿ, ಪ್ರತಿ ಟಚ್‌ಡೌನ್‌ಗೆ 330, ಕೈಸೇರಿದ ಪ್ರತಿ ಎಸೆತಕ್ಕೆ 100 ಕೂಡಿಸಿ, ಪ್ರತಿ ಇಂಟರ್‌ಸೆಪ್ಷನ್‌ಗೆ 200 ಕಳೆಯಿರಿ. ಬಂದಿದ್ದನ್ನು ಒಟ್ಟು ಎಸೆತದಿಂದ ಭಾಗಿಸಿ. 30 ಎಸೆತ, 20 ಕೈಸೇರಿದವು, 250 ಯಾರ್ಡ್, 2 ಟಚ್‌ಡೌನ್, 1 ಇಂಟರ್‌ಸೆಪ್ಷನ್ ಆದರೆ 152 ಬರುತ್ತದೆ. ಇದರಲ್ಲೂ ಒಂದು ತೂತು ಇದೆ. ಕ್ವಾರ್ಟರ್‌ಬ್ಯಾಕ್‌ನ ಓಟ ಇದರಲ್ಲಿ ಬರುವುದಿಲ್ಲ. ಓಟದ ಪಟ್ಟಿ ನೋಡೋಣ ಅಂದ್ರೆ ಅಲ್ಲಿ ಮತ್ತೊಂದು ತೊಡಕು. ಕಾಲೇಜಿನಲ್ಲಿ ಸ್ಯಾಕ್ ಆಗಿ (ಚೆಂಡು ಎಸೆಯುವ ಮೊದಲೇ ಎದುರಾಳಿ ಕೆಡವಿದಾಗ) ಕಳೆದುಕೊಂಡ ಯಾರ್ಡನ್ನು ಓಟದಿಂದ ಕಳೆಯುತ್ತಾರೆ. ಚೆನ್ನಾಗಿ ಓಡುವ ಹುಡುಗನೂ ಕಾಗದದ ಮೇಲೆ ಕುಂಟುತ್ತಾನೆ.

ಇಷ್ಟೆಲ್ಲ ಆದಮೇಲೆ ನಾನು ನೋಡುವುದು ಬಿಗಿಯಾದ ಪಂದ್ಯದ ಕೊನೇ ಐದು ನಿಮಿಷ. 2025ರಲ್ಲಿ ಗೆದ್ದ ಇಂಡಿಯಾನಾದ ಫರ್ನಾಂಡೊ ಮೆಂಡೋಜಾನನ್ನೇ ತಗೊಳ್ಳಿ. ಯಾರ್ಡ್ ಪಟ್ಟಿಯಲ್ಲಿ ಅವನಿಗಿಂತ ಮೇಲೆ ಬೇಕಾದಷ್ಟು ಜನ ಇದ್ದರು. ಆದರೆ ಪೆನ್ ಸ್ಟೇಟ್ ಅಂಗಳದಲ್ಲಿ ತಂಡ ಹಿಂದೆ ಬಿದ್ದಿದ್ದಾಗ, ಒಂದು ನಿಮಿಷವೂ ಉಳಿದಿಲ್ಲದ ಹೊತ್ತಿನಲ್ಲಿ, ಗೋಲ್ ಗೆರೆಯಾಚೆಯ ಎಂಡ್ ಝೋನ್‌ನ ಹಿಂಬದಿ ಗೆರೆಯ ಅಂಚಿಗೆ ಚೆಂಡು ಎಸೆದ. ಒಮರ್ ಕೂಪರ್ ಗಾಳಿಯಲ್ಲೇ ಹಿಡಿದು ಗೆರೆಯೊಳಗೆ ಕಾಲಿನ ಬೆರಳು ಊರಿದ. 27-24. ಬಿಗ್ ಟೆನ್ ಲೀಗ್ ಫೈನಲ್‌ನಲ್ಲಿ ಒಹಾಯೊ ಸ್ಟೇಟ್ ಮೇಲೆ 13-10ರ ಗೆಲುವಿನಲ್ಲೂ ಕೊನೆಗೆ ಮೂರನೇ ಡೌನ್‌ನಲ್ಲಿ (ಮೂರನೇ ಪ್ರಯತ್ನದಲ್ಲಿ) 33 ಯಾರ್ಡ್‌ನ ಒಂದು ಎಸೆತ ಇತ್ತು. ವೋಟ್ ಹಾಕುವವರ ಮನಸ್ಸಿನಲ್ಲಿ ಉಳಿಯುವುದು ಇಂಥವೇ.

ಪ್ರಶ್ನೆ: ಯಾವಾಗಲೂ ಕ್ವಾರ್ಟರ್‌ಬ್ಯಾಕ್‌ಗಳಿಗೇ ಯಾಕೆ? ಮುಂದೆ ನಿಂತು ಗುದ್ದಾಡುವ ಲೈನ್‌ಮನ್‌ಗಳು ಮನುಷ್ಯರಲ್ವಾ?

ನಿಮ್ಮ ಸಿಟ್ಟಿಗೆ ನನ್ನದೂ ಒಂದಿಷ್ಟು ಸೇರಿಸಿಕೊಳ್ಳಿ. 2000ರಿಂದ 2025ರವರೆಗೆ 26 ಸಲ ಪ್ರಶಸ್ತಿ ಕೊಟ್ಟಿದ್ದಾರೆ. 21 ಸಲ ಕ್ವಾರ್ಟರ್‌ಬ್ಯಾಕ್. ಉಳಿದ ಐವರು ರೆಜಿ ಬುಷ್, ಮಾರ್ಕ್ ಇಂಗ್ರಾಮ್, ಡೆರಿಕ್ ಹೆನ್ರಿ, ಡೆವಾಂಟಾ ಸ್ಮಿತ್ ಮತ್ತು ಹಂಟರ್. ಕಾರಣ ಸರಳ: ಪ್ರತಿ ಸಲವೂ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ, ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಲೈನ್‌ಮನ್ ಕೆಲಸಕ್ಕೆ ಎಣಿಸುವಂಥ ಅಂಕಿಯೇ ಇಲ್ಲ. 1973ರಲ್ಲಿ ಒಹಾಯೊ ಸ್ಟೇಟ್‌ನ ಟ್ಯಾಕಲ್ ಸ್ಥಾನದ ಲೈನ್‌ಮನ್ ಜಾನ್ ಹಿಕ್ಸ್ ಎರಡನೇ ಸ್ಥಾನ ಪಡೆದಿದ್ದರು. ಅದೇ ದೊಡ್ಡದು. 2009ರಲ್ಲಿ ನೆಬ್ರಾಸ್ಕಾದ ಎನ್‌ಡಾಮುಕಾಂಗ್ ಸೂ ಲೀಗ್ ಫೈನಲ್‌ನಲ್ಲಿ ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕ್‌ನನ್ನು ನಾಲ್ಕೂವರೆ ಸಲ ಕೆಡವಿದ (ಇಬ್ಬರು ಸೇರಿ ಕೆಡವಿದರೆ ಅರ್ಧ ಲೆಕ್ಕ). ಸಿಕ್ಕಿದ್ದು ನಾಲ್ಕನೇ ಸ್ಥಾನ! ಲೈನ್‌ಮನ್‌ಗಳಿಗೆ ಔಟ್‌ಲ್ಯಾಂಡ್ ಟ್ರೋಫಿ ಅಂತ ಬೇರೆ ಇದೆ ಅನ್ನುತ್ತಾರೆ. ಮದುವೆ ಮನೆಯಲ್ಲಿ ಅಡುಗೆಯವರಿಗೆ ಬೇರೆ ಪಂಕ್ತಿ ಹಾಕಿದ ಹಾಗೆ.

ಪ್ರಶ್ನೆ: ನಾವು ಬೇ ಏರಿಯಾದಲ್ಲಿ ಇದ್ದೀವಿ. ಪಶ್ಚಿಮ ಕರಾವಳಿಯ ಆಟಗಾರರಿಗೆ ಅನ್ಯಾಯ ಆಗುತ್ತೆ ಅಂತಾರೆ, ಹೌದಾ?

ಸ್ಟ್ಯಾನ್‌ಫರ್ಡ್ ಅಭಿಮಾನಿಗಳಿಗೆ ಇದು ಹಳೇ ಗಾಯ. 2009ರಲ್ಲಿ ಟೋಬಿ ಗರ್ಹಾರ್ಟ್ ಬರೀ 28 ಪಾಯಿಂಟ್‌ನಿಂದ ಇಂಗ್ರಾಮ್‌ಗೆ ಸೋತ. ಇತಿಹಾಸದಲ್ಲೇ ಅತಿ ಕಡಿಮೆ ಅಂತರ ಅದು. 2015ರಲ್ಲಿ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಒಟ್ಟು ಯಾರ್ಡ್‌ನಲ್ಲಿ ಸ್ಯಾಂಡರ್ಸ್‌ನ 3,250ರ ದಾಖಲೆ ಮುರಿದೂ ಹೆನ್ರಿಯ ಹಿಂದೆ ಉಳಿದ. ಅಲ್ಲಿ ಸಂಜೆ ಏಳೂವರೆಗೆ ಶುರುವಾಗುವ ಪಂದ್ಯ ನ್ಯೂಯಾರ್ಕ್‌ನಲ್ಲಿ ರಾತ್ರಿ ಹತ್ತೂವರೆ. ಮುಗಿಯುವಷ್ಟರಲ್ಲಿ ಅರ್ಧ ಜನ ಗೊರಕೆ ಹೊಡೀತಿರ್ತಾರೆ.

ಇದಕ್ಕೆಂದೇ ದೇಶವನ್ನು ಆರು ಭಾಗ ಮಾಡಿ, ಪ್ರತಿ ಭಾಗದ 145 ಪತ್ರಕರ್ತರಿಗೆ ವೋಟ್ ಕೊಟ್ಟಿದ್ದಾರೆ. ಆದರೂ ಆರರಲ್ಲಿ ದೂರ ಪಶ್ಚಿಮ ಅನ್ನುವುದು ಒಂದೇ ಭಾಗ. ಹಾಗಂತ ನಿದ್ದೆಯೊಂದೇ ಕಾರಣವಲ್ಲ. ಇಂಗ್ರಾಮ್‌ನ ಅಲಬಾಮಾ ಆಗ 13 ಗೆದ್ದು ಒಂದೂ ಸೋತಿರಲಿಲ್ಲ, ಸ್ಟ್ಯಾನ್‌ಫರ್ಡ್ 8 ಗೆದ್ದು 4 ಸೋತಿತ್ತು. ಗೆಲ್ಲುವ ತಂಡದವನಿಗೇ ವೋಟ್ ಜಾಸ್ತಿ. ಗೆಲುವಿಗಿಂತ ಸೋಲೇ ಜಾಸ್ತಿ ಇದ್ದ ತಂಡದಿಂದ ಪ್ರಶಸ್ತಿ ಗೆದ್ದವನು ಒಬ್ಬನೇ, 1956ರಲ್ಲಿ ನೋಟರ್ ಡೇಮ್‌ನ ಪಾಲ್ ಹಾರ್ನಂಗ್. ತಂಡ ಆ ವರ್ಷ ಗೆದ್ದಿದ್ದು ಎರಡು, ಸೋತಿದ್ದು ಎಂಟು. ಅದೇ ವರ್ಷ ಮುಂದೆ ದಂತಕಥೆಯಾದ ಸಿರಾಕ್ಯೂಸ್‌ನ ಜಿಮ್ ಬ್ರೌನ್‌ಗೆ ಐದನೇ ಸ್ಥಾನ ಕೊಟ್ಟರು! ಅದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಪ್ರಶ್ನೆ: ಹೈಸ್‌ಮನ್ ಗೆದ್ದವನು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲೂ ಮಿಂಚುತ್ತಾನಾ?

ಗ್ಯಾರಂಟಿ ಇಲ್ಲ. 2001ರಲ್ಲಿ ಗೆದ್ದ ಎರಿಕ್ ಕ್ರೌಚ್ ಅಲ್ಲಿ ಒಂದು ಲೀಗ್ ಪಂದ್ಯವನ್ನೂ ಆಡಲಿಲ್ಲ. ಮೊದಲ ವಿಜೇತ ಜೇ ಬರ್ವಾಂಗರ್ ಅಂತೂ ಎನ್‌ಎಫ್‌ಎಲ್‌ನ ಮೊಟ್ಟಮೊದಲ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜ್ ಆಟಗಾರರನ್ನು ಆರಿಸುವುದು) ಮೊದಲ ಆಯ್ಕೆಯಾಗಿಯೂ ಅತ್ತ ಹೋಗಲೇ ಇಲ್ಲ. ಇದು ಆ ಒಂದು ಸೀಸನ್‌ಗೆ ಕೊಡುವ ಪ್ರಶಸ್ತಿ.

ಪ್ರಶ್ನೆ: ನಮ್ಮಂಥ ಅಭಿಮಾನಿಗಳು ವೋಟ್ ಹಾಕಬಹುದಾ?

ಹಾಕಬಹುದು. ಪತ್ರಕರ್ತರು ಮತ್ತು ಹಳೆಯ ವಿಜೇತರು ಒಬ್ಬೊಬ್ಬರೂ ಮೂರು ಹೆಸರು ಬರೆಯುತ್ತಾರೆ. ಮೊದಲನೆಯದಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಪಾಯಿಂಟ್. ಇಡೀ ದೇಶದ ಅಭಿಮಾನಿಗಳೆಲ್ಲ ಸೇರಿದರೆ ಒಂದು ವೋಟ್. ಡಿಸೆಂಬರ್ ಮೊದಲ ವಾರದ ಲೀಗ್ ಫೈನಲ್‌ಗಳು ಮುಗಿಯುತ್ತಿದ್ದ ಹಾಗೆ ಬಾಗಿಲು ಹಾಕುತ್ತಾರೆ.