ಮುಳ್ಳು ಎಲ್ಲಿ ಸಿಕ್ಕಿಕೊಂಡಿದೆ?

ಓದುಗರ ಪ್ರಶ್ನೆಗಳಿಗೆ ಕಿವಿ, ಮೂಗು, ಗಂಟಲು ತಜ್ಞರ ಉತ್ತರ

ಪ್ರಶ್ನೆ: ಮೂರು ದಿನಗಳ ಹಿಂದೆ ಬಂಗಡೆ ಸಾರಿನ ಊಟ ಮಾಡುವಾಗ ಗಂಟಲಿಗೆ ಮುಳ್ಳು ಚುಚ್ಚಿತು. ಅತ್ತೆಯವರು ಅನ್ನದ ಉಂಡೆ ನುಂಗಿಸಿದರು, ಬಾಳೆಹಣ್ಣು ತಿನ್ನಿಸಿದರು, ಲಿಂಬೆ ರಸವನ್ನೂ ಕುಡಿಸಿದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೂ ಉಗುಳು ನುಂಗಿದಾಗಲೆಲ್ಲ ಬಲಗಡೆ ಚುಚ್ಚುತ್ತದೆ. ಮುಳ್ಳು ಇದೆಯೋ ಇಲ್ಲವೋ? ತಾನಾಗಿಯೇ ಕರಗುತ್ತದೆಯೇ?
— ಗೃಹಿಣಿ, ಕೋಡಿಬಾಗ, ಕಾರವಾರ

ಉತ್ತರ: ‘ಬಲಗಡೆ’ ಎಂದು ಬರೆದಿದ್ದೀರಿ. ಆ ಒಂದು ಮಾತು ನನಗೆ ನಿಮ್ಮ ಎಕ್ಸ್‌ರೇಗಿಂತ ಹೆಚ್ಚು ತಿಳಿಸುತ್ತದೆ. ಮುಳ್ಳು ಗೀರಿಕೊಂಡು ಹೊಟ್ಟೆಗೆ ಇಳಿದುಹೋಗಿದ್ದರೆ ಆ ಗೀರಿನ ಉರಿ ಒಂದೆರಡು ದಿನ ಇರುತ್ತದೆ, ಆದರೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಮೂರನೆಯ ದಿನವೂ ಒಂದೇ ಬದಿಯಲ್ಲಿ, ಒಂದೇ ಜಾಗದಲ್ಲಿ, ನುಂಗಿದಾಗಲೆಲ್ಲ ಚುಚ್ಚುತ್ತಿದ್ದರೆ ಮುಳ್ಳು ಇನ್ನೂ ಅಲ್ಲೇ ಇದೆ ಎಂದೇ ತಿಳಿದು ನೋಡಬೇಕು. ಅದು ಕರಗುವುದಿಲ್ಲ. ಲಿಂಬೆ ರಸ ಗಂಟಲನ್ನು ದಾಟಲು ತೆಗೆದುಕೊಳ್ಳುವುದು ಕ್ಷಣಮಾತ್ರ, ಅಷ್ಟರಲ್ಲಿ ಯಾವ ಮೂಳೆಯೂ ಮೆತ್ತಗಾಗುವುದಿಲ್ಲ.

ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ಟಾರ್ಚ್ ಹಿಡಿಯಿರಿ. ನಾಲಿಗೆಯ ಹಿಂದೆ, ಎರಡೂ ಪಕ್ಕಗಳಲ್ಲಿ ಕಮಾನಿನಂತೆ ಇಳಿಬಿದ್ದ ಎರಡೆರಡು ಮಡಿಕೆಗಳು ಕಾಣುತ್ತವೆ. ಅವುಗಳ ನಡುವೆ ಕುಳಿತಿರುವ ಗಂಟು ಟಾನ್ಸಿಲ್. ಅದರ ಮೈ ನುಣುಪಲ್ಲ, ತುಂಬ ಸಣ್ಣ ಸಣ್ಣ ಕುಳಿಗಳು. ಬಂಗಡೆ, ತಾರಲೆಗಳ ಕೂದಲಿನಂಥ ಮುಳ್ಳು ಹೆಚ್ಚಾಗಿ ನಾಟಿಕೊಳ್ಳುವ ಜಾಗಗಳಲ್ಲಿ ಇದು ಮೊದಲನೆಯದು. ಎರಡನೆಯದು ನಾಲಿಗೆಯ ಬುಡ. ನಾವು ಹೊರಗೆ ಚಾಚಿ ತೋರಿಸುವುದು ನಾಲಿಗೆಯ ಮುಂಭಾಗವನ್ನು ಮಾತ್ರ. ಹಿಂದಿನ ಮೂರನೆಯ ಒಂದು ಪಾಲು ಗಂಟಲಿನೊಳಗೆ ಕೆಳಮುಖವಾಗಿ ಬಾಗಿರುತ್ತದೆ, ಕನ್ನಡಿಗೆ ಸಿಗುವುದಿಲ್ಲ. ಆ ಬುಡಕ್ಕೂ ಶ್ವಾಸನಾಳದ ಮೇಲಿನ ಎಲೆಯಾಕಾರದ ಮುಚ್ಚಳಕ್ಕೂ ನಡುವೆ ಎರಡು ತಗ್ಗುಗಳಿವೆ. ಇನ್ನೂ ಕೆಳಗೆ, ಧ್ವನಿಪೆಟ್ಟಿಗೆಯ ಎಡಬಲಗಳಲ್ಲಿ ಮತ್ತೆರಡು. ಕಾಳಿ ನದಿಯ ಅಳಿವೆಯಲ್ಲಿ ನೀರು ತಿರುಗುವ ಕಡೆ ಕಸಕಡ್ಡಿ ಸೇರಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಮುಳ್ಳು ಸೇರಿಕೊಳ್ಳುವುದೂ ಇಂಥ ತಿರುವುಗಳಲ್ಲೇ. ಕೊನೆಯದು ಅನ್ನನಾಳದ ಬಾಯಿ, ಮುಂದಿನ ಹಲ್ಲುಗಳಿಂದ ಸುಮಾರು 15 ಸೆಂಟಿಮೀಟರ್ ಒಳಗೆ. ಬಾಯಿಂದ ಹೊಟ್ಟೆಯವರೆಗಿನ ದಾರಿಯಲ್ಲಿ ಇದರಷ್ಟು ಇಕ್ಕಟ್ಟಿನ ಜಾಗ ಮತ್ತೊಂದಿಲ್ಲ.

ಅತ್ತೆಯವರನ್ನು ದೂರಬೇಡಿ, ಕರಾವಳಿಯ ಎಲ್ಲ ಮನೆಗಳಲ್ಲೂ ಮಾಡುವುದನ್ನೇ ಅವರೂ ಮಾಡಿದ್ದಾರೆ. ಆದರೆ ಇನ್ನು ಮುಂದೆ ಅನ್ನದ ಉಂಡೆ ಬೇಡ. ಟಾನ್ಸಿಲ್‌ನಲ್ಲಿ ನಾಟಿದ ಮುಳ್ಳನ್ನು ಚಿಮಟದಿಂದ ತೆಗೆಯಲು ಎರಡು ನಿಮಿಷ ಸಾಕು. ಅದೇ ಮುಳ್ಳನ್ನು ಉಂಡೆ ಕೆಳಗೆ ನೂಕಿ ಅನ್ನನಾಳದ ಬಾಯಿಗೆ ಸಿಕ್ಕಿಸಿದರೆ, ಅರಿವಳಿಕೆ ಕೊಟ್ಟು ದುರ್ಬೀನು (ಎಂಡೋಸ್ಕೋಪ್) ಇಳಿಸಿ ತೆಗೆಯಬೇಕಾಗುತ್ತದೆ. ಅಲ್ಲಿಂದ ಕೆಳಗೆ, ಎದೆಯೊಳಗೆ, ಅನ್ನನಾಳಕ್ಕೆ ತಾಗಿಕೊಂಡೇ ಮಹಾಪಧಮನಿ ಇದೆ. ಅನ್ನನಾಳದ ತೆಳ್ಳಗಿನ ಗೋಡೆಯನ್ನು ಮುಳ್ಳು ತೂತು ಮಾಡಿದರೆ ಎದೆಗೂಡಿನೊಳಗೆ ಕೀವು ತುಂಬಬಹುದು. ಹೀಗಾಗುವುದು ಅಪರೂಪ, ಆದರೆ ಆದಾಗ ಜೀವಕ್ಕೇ ಅಪಾಯ.

ಎಕ್ಸ್‌ರೇಯಲ್ಲಿ ಕಾಣಲಿಲ್ಲ ಎಂದರೆ ಮುಳ್ಳು ಇಲ್ಲ ಎಂದು ಅರ್ಥವಲ್ಲ. ಸಣ್ಣ ಮೀನಿನ ಮುಳ್ಳು ತುಂಬ ತೆಳು, ಎಕ್ಸ್‌ರೇ ಕಿರಣವನ್ನು ತಡೆಯುವಷ್ಟು ಸುಣ್ಣದಂಶ ಅದರಲ್ಲಿ ಇರುವುದಿಲ್ಲ. ವಯಸ್ಸಾದಂತೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯಲ್ಲೇ ಸುಣ್ಣ ಕೂಡಿಕೊಂಡು ಚಿತ್ರದಲ್ಲಿ ಮುಳ್ಳಿನಂತೆ ಕಾಣುವುದೂ ಉಂಟು. ಆದ್ದರಿಂದ ಕಣ್ಣಿನಿಂದಲೇ ನೋಡಬೇಕು. ಮೂಗಿನ ಮೂಲಕ ಇಳಿಸುವ ಸಪೂರ ದುರ್ಬೀನಿನಿಂದ ಇಷ್ಟೂ ತಗ್ಗುಗಳನ್ನು ಕೆಲವೇ ನಿಮಿಷಗಳಲ್ಲಿ ನೋಡಿ ಮುಗಿಸಬಹುದು. ಕಾರವಾರದಲ್ಲಿಯೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಹುಬ್ಬಳ್ಳಿಗೆ ಹೋಗಲು ಬಿಡುವಾಗಲಿ ಎಂದು ಕಾಯಬೇಡಿ. ಇಂದೇ ಹೋಗಿ. ಅರಿವಳಿಕೆ ಬೇಕಾಗಬಹುದು, ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಹೋಗಿ. ಜ್ವರ, ಎದೆನೋವು, ಕುತ್ತಿಗೆಯ ಬಾವು, ಉಗುಳಿನಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಹೊರಡಿ.

ಪ್ರಶ್ನೆ: ಮಗನಿಗೆ ಆಗಾಗ ಕೆಮ್ಮು. ಕಿರುನಾಲಿಗೆ ಬಿದ್ದಿದೆ ಎಂದು ಊರಿನ ಹಿರಿಯರೊಬ್ಬರು ನೆತ್ತಿಯ ಕೂದಲು ಹಿಡಿದು ಎಳೆದರು. ಹಾಗೆ ಎಳೆದರೆ ಅದು ಮೇಲೇರುತ್ತದೆಯೇ?
— ಅಂಕೋಲಾ

ಉತ್ತರ: ಇಲ್ಲ. ಕಿರುನಾಲಿಗೆ ಮೆತ್ತನೆಯ ಅಂಗುಳದ ತುದಿ. ಅದು ಯಾವಾಗಲೂ ಇಳಿಬಿದ್ದೇ ಇರುತ್ತದೆ, ಸೋಂಕಿನಿಂದ ಊದಿಕೊಂಡಾಗ ಇನ್ನಷ್ಟು ಉದ್ದವಾಗಿ ತೋರುತ್ತದೆ. ನೆತ್ತಿಯ ಚರ್ಮಕ್ಕೂ ಅದಕ್ಕೂ ಯಾವ ಎಳೆಯ ಸಂಬಂಧವೂ ಇಲ್ಲ. ಕೆಲವು ಕಡೆ ಬೆರಳಿಗೆ ಉಪ್ಪು, ಮೆಣಸಿನಪುಡಿ ಹಚ್ಚಿ ಒತ್ತುತ್ತಾರೆ, ಮಗುವಿಗೆ ಅದನ್ನು ದಯವಿಟ್ಟು ಮಾಡಿಸಬೇಡಿ. ಕೆಮ್ಮಿನ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮ ತಂದೆಗೆ 78 ವರ್ಷ. ಕಳೆದ ವರ್ಷ ಪಾರ್ಶ್ವವಾಯು ಆಗಿತ್ತು. ಅನ್ನ ಉಣ್ಣುತ್ತಾರೆ, ಆದರೆ ನೀರು ಕುಡಿದಾಗಲೆಲ್ಲ ನೆತ್ತಿಗೆ ಹತ್ತಿ ಕೆಮ್ಮುತ್ತಾರೆ. ನೀರಿಗಿಂತ ಅನ್ನ ಸುಲಭವಾಗುವುದು ಹೇಗೆ?
— ಕುಮಟಾ

ಉತ್ತರ: ನೆತ್ತಿಗೆ ಹತ್ತಿತು ಎನ್ನುತ್ತೇವೆ, ಯಾರೋ ನೆನೆಸಿಕೊಂಡರು ಎಂದು ತಲೆ ತಟ್ಟುತ್ತೇವೆ. ನಿಜದಲ್ಲಿ ನೀರು ಹೋಗಿರುವುದು ಶ್ವಾಸನಾಳದ ಬಾಗಿಲಿಗೆ. ನಮ್ಮ ಗಂಟಲು ಎರಡು ದಾರಿಗಳು ಒಂದನ್ನೊಂದು ಅಡ್ಡ ಹಾಯುವ ಕೂಡುರಸ್ತೆ. ಗಾಳಿ ಹಿಂದಿರುವ ಮೂಗಿನ ದಾರಿಯಿಂದ ಬಂದು ಮುಂದಿನ ಶ್ವಾಸನಾಳಕ್ಕೆ ಇಳಿಯಬೇಕು. ಅನ್ನ ಮುಂದಿರುವ ಬಾಯಿಂದ ಬಂದು ಹಿಂದಿನ ಅನ್ನನಾಳಕ್ಕೆ ಹೋಗಬೇಕು. ಗಂಟಲಮಣಿಯ ಮೇಲೆ ಬೆರಳಿಟ್ಟು ಒಮ್ಮೆ ಉಗುಳು ನುಂಗಿ ನೋಡಿ, ಅದು ಮೇಲೆ ಹಾರಿ ಕೆಳಗಿಳಿಯುತ್ತದೆ. ಹೆಚ್ಚೆಂದರೆ ಒಂದು ಸೆಕೆಂಡಿನ ಆ ಅವಧಿಯಲ್ಲಿ ಉಸಿರು ನಿಲ್ಲುತ್ತದೆ, ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ, ಧ್ವನಿಪೆಟ್ಟಿಗೆ ಮೇಲೇರಿ ನಾಲಿಗೆಯ ಬುಡದ ಕೆಳಗೆ ಅಡಗುತ್ತದೆ, ಅದರ ಮೇಲೆ ಮುಚ್ಚಳ ಬಾಗುತ್ತದೆ. ಪಾರ್ಶ್ವವಾಯುವಿನ ನಂತರ ಈ ಕೆಲಸ ಅರೆಕ್ಷಣ ತಡವಾಗುತ್ತದೆ. ಅನ್ನದ ತುತ್ತು ನಿಧಾನವಾಗಿ ಜಾರುವುದರಿಂದ ಆ ತಡವನ್ನು ಸಹಿಸುತ್ತದೆ. ನೀರು ಕಾಯುವುದಿಲ್ಲ, ಬಾಗಿಲು ಮುಚ್ಚುವ ಮೊದಲೇ ಹರಿದುಬಿಡುತ್ತದೆ.

ನೆಟ್ಟಗೆ ಕೂರಿಸಿ, ಗದ್ದವನ್ನು ಎದೆಯ ಕಡೆ ಬಾಗಿಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ. ತೆಳು ನೀರಿನ ಬದಲು ಗಟ್ಟಿ ಗಂಜಿ, ರಾಗಿ ಅಂಬಲಿ ಕೊಟ್ಟು ನೋಡಿ. ಊಟದ ನಂತರ ಅರ್ಧ ಗಂಟೆ ಮಲಗಿಸಬೇಡಿ. ಕೆಮ್ಮು ನಿಂತರೆ ಗುಣವಾಯಿತು ಎಂದು ನಿಶ್ಚಿಂತರಾಗಬೇಡಿ. ಕೆಲವರಲ್ಲಿ ಗಂಟಲಿನ ಸ್ಪರ್ಶಜ್ಞಾನವೇ ಕುಂದಿ, ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರುತ್ತದೆ. ನುಂಗುವಿಕೆಯ ಪರೀಕ್ಷೆಯನ್ನು ಒಮ್ಮೆ ಮಾಡಿಸಲೇಬೇಕು.

ಪ್ರಶ್ನೆ: ಮೂವತ್ತು ವರ್ಷಗಳಿಂದ ಎಲೆ-ಅಡಿಕೆಯ ಕವಳ ಹಾಕುತ್ತೇನೆ. ತಂಬಾಕು ಮುಟ್ಟಿದವನಲ್ಲ, ಅಡಿಕೆಯೂ ನಮ್ಮದೇ ತೋಟದ್ದು. ಈಚೆಗೆ ಸಾರಿನ ಖಾರ ತಡೆಯಲಾಗುವುದಿಲ್ಲ, ಬಾಯಿ ಪೂರ್ತಿ ತೆರೆಯುವುದಿಲ್ಲ, ಕಿವಿ ಕಟ್ಟಿದಂತಾಗುತ್ತದೆ. ಮೂರಕ್ಕೂ ಸಂಬಂಧ ಇದೆಯೇ?
— ಕೃಷಿಕ, ಶಿರಸಿ ತಾಲೂಕು

ಉತ್ತರ: ಇದೆ. ಶಿರಸಿಯಲ್ಲಿ ಕುಳಿತು ಈ ಉತ್ತರ ಬರೆಯುವುದು ನನಗೆ ಸುಲಭವಲ್ಲ. ಇಲ್ಲಿನ ಮಕ್ಕಳ ಓದು, ಮನೆಯ ಮಾಡು, ಮದುವೆಯ ಖರ್ಚು ಎಲ್ಲವೂ ಅಡಿಕೆಯಿಂದಲೇ ನಡೆದಿವೆ. ಆದರೆ ತಂಬಾಕಿಲ್ಲದ ಅಡಿಕೆ ನಿರುಪದ್ರವಿ ಎಂಬ ನಂಬಿಕೆ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ಸ್ವಂತ ತೋಟದ್ದಾದರೂ ಅದರೊಳಗಿನ ಅರೆಕೋಲಿನ್ ಎಂಬ ರಾಸಾಯನಿಕ ಅದೇ.

ಕೆನ್ನೆಯ ಒಳಪೊರೆಯ ಅಡಿಯಲ್ಲಿ ರಬ್ಬರಿನಂತೆ ಹಿಗ್ಗುವ ಮೆತ್ತನೆಯ ಪದರವಿದೆ. ಅರೆಕೋಲಿನ್ ಅಲ್ಲಿನ ಜೀವಕೋಶಗಳನ್ನು ಕೆಣಕಿ ನಾರು ಹೆಚ್ಚಾಗಿ ಹುಟ್ಟುವಂತೆ ಮಾಡುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶ ಆ ನಾರುಗಳನ್ನು ಒಂದಕ್ಕೊಂದು ಬಿಗಿಯಾಗಿ ಹೆಣೆಯಲು ನೆರವಾಗುತ್ತದೆ. ಹಿಗ್ಗಬೇಕಾದ ಕೆನ್ನೆ ಹಗ್ಗ ಬಿಗಿದಂತೆ ಗಡುಸಾಗುತ್ತದೆ. ಮೇಲಿನ ಪೊರೆ ತೆಳುವಾಗುವುದರಿಂದ ಖಾರ ಉರಿಯುತ್ತದೆ. ಇನ್ನು ಕಿವಿ. ಮೂಗಿನ ಹಿಂಭಾಗದಿಂದ ಕಿವಿಗೆ ಗಾಳಿ ಒಯ್ಯುವ ಸಪೂರ ನಾಳವೊಂದಿದೆ. ಅದನ್ನು ತೆರೆಯುವುದು ಮೆತ್ತನೆಯ ಅಂಗುಳದ ಸ್ನಾಯು. ಅಂಗುಳವೂ ನಾರುಗಟ್ಟಿದರೆ ನಾಳ ಸರಿಯಾಗಿ ತೆರೆಯುವುದಿಲ್ಲ.

ನಿಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಸಬೇಕು. ಎರಡೇ ಹಿಡಿಸಿದರೆ ಕಾಯಿಲೆ ಮುಂದುವರಿದಿದೆ. ಕಟ್ಟಿದ ನಾರು ಪೂರ್ತಿಯಾಗಿ ಹಿಂದಿನಂತಾಗುವುದಿಲ್ಲ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಆದರೆ ಕವಳ ಬಿಟ್ಟರೆ ಇನ್ನಷ್ಟು ಬಿಗಿಯುವುದನ್ನು ತಡೆಯಬಹುದು. ಬಾಯಿ ತೆರೆಯುವ ವ್ಯಾಯಾಮ ಮತ್ತು ಚುಚ್ಚುಮದ್ದಿನಿಂದ ಅನೇಕರಿಗೆ ಒಂದಿಷ್ಟು ಸಡಿಲವಾಗುತ್ತದೆ. ಈ ಕಾಯಿಲೆ ಇದ್ದವರಿಗೆ ಬಾಯಿ ಕ್ಯಾನ್ಸರ್‌ನ ಅಪಾಯ ಉಳಿದೇ ಇರುವುದರಿಂದ ಆರು ತಿಂಗಳಿಗೊಮ್ಮೆ ಬಾಯಿ ತೋರಿಸಬೇಕು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಕಂಡರೆ ಆರು ತಿಂಗಳು ಕಾಯಬೇಡಿ, ಆ ವಾರವೇ ಬನ್ನಿ. ಬರುವಾಗ ನಿಮ್ಮೊಡನೆ ಕವಳ ಹಾಕುವ ಮನೆಯವರನ್ನೂ ಕರೆತನ್ನಿ, ಅವರ ಬಾಯನ್ನೂ ನೋಡಬೇಕು.