ಹಳೆಯ ಪುಟವೇ ಏಕೆ ಕಾಣಿಸುತ್ತಿದೆ?

ಗೂಗಲ್ ಮತ್ತು ಆನ್‌ಲೈನ್ ಕಲಿಕೆಯ ತಾಣ ಯುಡಾಸಿಟಿಯ ವಿದ್ಯಾರ್ಥಿವೇತನದ ಮೊಬೈಲ್ ವೆಬ್ ಪಾಠದಲ್ಲಿ ಸರ್ವಿಸ್ ವರ್ಕರ್ (ಪುಟಕ್ಕೂ ಅಂತರಜಾಲಕ್ಕೂ ನಡುವೆ ನಿಂತು ಕಡತಗಳನ್ನು ಒದಗಿಸಬಲ್ಲ, ಬ್ರೌಸರ್‌ನ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ಸೇರಿಸಿದ ಮೇಲೆ, ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್ ಬದಲಿಸಿದರೂ ಬ್ರೌಸರ್ ಹಳೆಯ ಪುಟವನ್ನೇ ತೋರಿಸುತ್ತಿದೆ, ಬಿ.ಕಾಂ. ಓದಿದವಳಿಗೆ ಇದು ಒಗ್ಗದೇನೋ ಎಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ನಿಮ್ಮ ಕೋಡ್ ಬಹುಶಃ ಸರಿಯಾಗಿಯೇ ಇದೆ.

ಹೊಸ ಸರ್ವಿಸ್ ವರ್ಕರ್ ಸ್ಥಾಪನೆಯಾದ ಕೂಡಲೇ ಅಧಿಕಾರ ವಹಿಸಿಕೊಳ್ಳುವುದಿಲ್ಲ. ಹಳೆಯದರ ಹಿಡಿತದಲ್ಲಿರುವ ಟ್ಯಾಬ್‌ಗಳೆಲ್ಲ ಮುಚ್ಚುವವರೆಗೆ ಅದು ಕಾಯುತ್ತದೆ. ಪುಟವನ್ನು ರಿಫ್ರೆಶ್ ಮಾಡಿದರೆ ಸಾಲದು. ತೆರೆದಿರುವ ಹಳೆಯ ಪುಟಕ್ಕೆ ಹೊಸ ಕಡತಗಳು ಬೆರೆತು ಕೆಡಬಾರದೆಂಬ ಎಚ್ಚರಿಕೆ ಅದು. ನನಗಂತೂ ಬಹಳ ಮೆಚ್ಚಿನ ವಿನ್ಯಾಸ. ಕ್ರೋಮ್ ಬ್ರೌಸರ್‌ನಲ್ಲೇ ಇರುವ ಅಭಿವೃದ್ಧಿ ಸಾಧನಗಳಾದ ಡೆವ್‌ಟೂಲ್ಸ್‌ನಲ್ಲಿ ‘ಅಪ್ಲಿಕೇಶನ್’ ವಿಭಾಗ ತೆರೆದು ‘ಅಪ್‌ಡೇಟ್ ಆನ್ ರಿಲೋಡ್’ ಎಂಬಲ್ಲಿ ಗುರುತು ಹಾಕಿ. ಕಡತಗಳ ಪ್ರತಿಗಳನ್ನು ಕೂಡಿಡುವ ಕ್ಯಾಶ್‌ನ ಹೆಸರನ್ನೂ ಬದಲಿಸಿ, ಹೊಸ ಸರ್ವಿಸ್ ವರ್ಕರ್ ಅಧಿಕಾರ ವಹಿಸಿಕೊಳ್ಳುವ ‘ಆಕ್ಟಿವೇಟ್’ ಹಂತದಲ್ಲಿ ಹಳೆಯ ಕ್ಯಾಶ್ ಅಳಿಸಿ. ಸರ್ವಿಸ್ ವರ್ಕರ್ ಕಡತದಲ್ಲಿ ಒಂದಕ್ಷರವೂ ಬದಲಾಗದಿದ್ದರೆ ಸಾಮಾನ್ಯವಾಗಿ ಬ್ರೌಸರ್ ಅದನ್ನು ಹೊಸದೆಂದು ಎಣಿಸುವುದೇ ಇಲ್ಲ.

ಇಷ್ಟಾದರೂ ಸರಿಹೋಗದಿದ್ದರೆ ಪ್ರಾಮಿಸ್ (ತಡವಾಗಿ ಸಿಗುವ ಫಲಿತಾಂಶವನ್ನು ನಿಭಾಯಿಸುವ ಜಾವಾಸ್ಕ್ರಿಪ್ಟ್ ವಿಧಾನ) ಕುರಿತ ಪಾಠವನ್ನು ಇನ್ನೊಮ್ಮೆ ಮಾಡಿ. ಇಲ್ಲಿ ತೊಡಕು ಕಂಡರೂ ಅದರ ಬೇರು ಹಲವು ಬಾರಿ ಅಲ್ಲಿರುತ್ತದೆ.

ವಿದ್ಯಾರ್ಥಿವೇತನದ ಎರಡನೇ ಹಂತಕ್ಕೆ ಆಯ್ಕೆಯಾಗದಿದ್ದರೆ ಕಲಿಕೆ ನಿಂತೇ ಹೋಗುವುದೇ ಎಂದೂ ಕೇಳಿದ್ದೀರಿ. ಖಂಡಿತ ಇಲ್ಲ. ಕೋಡಿಂಗ್ ಕಲಿಸುವ ತಾಣ ಫ್ರೀಕೋಡ್‌ಕ್ಯಾಂಪ್‌ನ ಪಾಠಗಳೂ ವೆಬ್ ತಂತ್ರಜ್ಞಾನದ ಕೈಪಿಡಿಯಂತಿರುವ ತಾಣ ಎಂಡಿಎನ್‌ನ ವಿವರಣೆಗಳೂ ಉಚಿತ. ಸರ್ವಿಸ್ ವರ್ಕರ್‌ಗೆ ಲೋಕಲ್‌ಹೋಸ್ಟ್ (ನಿಮ್ಮದೇ ಗಣಕದಲ್ಲಿ ಓಡುವ ಸರ್ವರ್) ಬಿಟ್ಟರೆ ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್ ಬೇಕೇ ಬೇಕು. ಅದು ವೆಬ್ ಪುಟಗಳನ್ನು ಪ್ರಕಟಿಸುವ ಸೇವೆಯಾದ ಗಿಟ್‌ಹಬ್ ಪೇಜಸ್‌ನಲ್ಲಿ ಖರ್ಚಿಲ್ಲದೆ ಸಿಗುತ್ತದೆ. ನಿಮ್ಮ ಪುಟವನ್ನು ಅಲ್ಲಿ ಇಟ್ಟು ಕೊಂಡಿ ಹಾಕಿ, ನಾನೂ ನೋಡುತ್ತೇನೆ.